ಮನೆಯ ಗಣಕಯಂತ್ರ ಮತ್ತು ಸ್ವಾವಲಂಬನೆ

ಕವಿಚಕ್ರವರ್ತಿ ರನ್ನನ ಜನ್ಮಭೂಮಿಯಾದ ಮುಧೋಳ ಸೀಮೆಯ ಲೋಕಾಪುರದಲ್ಲಿ ಅತ್ತಿಮಬ್ಬೆಯ ಹೆಸರನ್ನು ಅರಿಯದ ಶಿಕ್ಷಕರಿರಲಾರರು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಸ್ವಂತ ವೆಚ್ಚದಿಂದ ಮಾಡಿಸಿ ಹಂಚಿದ ಆ ದಾನಚಿಂತಾಮಣಿಯೇ ರನ್ನನ ಅಜಿತಪುರಾಣಕ್ಕೂ ಆಶ್ರಯವಿತ್ತವಳು. ವಿದ್ಯೆಯು ಪ್ರತಿಯಾದಷ್ಟೂ ಬೆಳೆಯುವುದೆಂಬ ಆ ತತ್ತ್ವವನ್ನೇ ಇಂದು ಗಣಕಯಂತ್ರದ ಕ್ಷೇತ್ರದಲ್ಲಿ ಲಿನಕ್ಸ್ ಎತ್ತಿಹಿಡಿದಿದೆ.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ನರು ಮುಕ್ತ ತಂತ್ರಾಂಶದ ಸಂಕಲ್ಪವನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸರು ತಾವು ರಚಿಸಿದ ಲಿನಕ್ಸ್ ತಿರುಳನ್ನು ಲೋಕದ ಮುಂದಿಟ್ಟರು. ಇದನ್ನು ಬಳಸಲು, ಬಿಚ್ಚಿ ನೋಡಲು, ತಿದ್ದಲು, ಪ್ರತಿಮಾಡಿ ಹಂಚಲು ಸರ್ವರಿಗೂ ಹಕ್ಕುಂಟು. ಹಾಗೆ ಹಂಚುವುದು ಕಳವಾಗದು.

ಈ ವಿಚಾರಕ್ಕೆ ಈಗ ವಿಶೇಷ ಸಂದರ್ಭವೊದಗಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ಮುಗಿಯಿತು. ಮುಂದಿನ ಆವೃತ್ತಿಯು ನಿರ್ದಿಷ್ಟ ಭದ್ರತಾ ಚಿಪ್ಪನ್ನೂ ಹೊಸ ಪ್ರೊಸೆಸರನ್ನೂ ಬೇಡುವುದರಿಂದ, ಸುಸ್ಥಿತಿಯಲ್ಲಿರುವ ಎಷ್ಟೋ ಮನೆಗಳ ಯಂತ್ರಗಳು ಅನರ್ಹವೆನಿಸಿವೆ. ಎತ್ತು ಗಟ್ಟಿಯಾಗಿರುವಾಗ ನೊಗ ಬದಲಾಯಿತೆಂದು ಎತ್ತನ್ನೇ ಮಾರುವ ರೈತನುಂಟೆ? ನಾಲ್ಕು ಜಿ.ಬಿ. ಸ್ಮರಣೆಯ ಹಳೆಯ ಯಂತ್ರದಲ್ಲಿಯೂ ಲಿನಕ್ಸಿನ ಹಗುರವಾದ ರೂಪಗಳು ಸಮರ್ಪಕವಾಗಿ ನಡೆಯುತ್ತವೆ.

ಅನುಸ್ಥಾಪನೆಯ ವಿಧಾನವೂ ದುರ್ಗಮವಲ್ಲ. ಲಿನಕ್ಸ್ ಮಿಂಟ್, ಉಬುಂಟು, ಡೆಬಿಯನ್ ಮೊದಲಾದವುಗಳಲ್ಲಿ ಒಂದನ್ನು ಪೆನ್ ಡ್ರೈವಿಗೆ ಇಳಿಸಿ, ಯಂತ್ರವನ್ನು ಅದರಿಂದಲೇ ಚಾಲನೆಗೊಳಿಸಬಹುದು. ಹೀಗೆ ಮಾಡಿದಾಗ ಒಳಗಿನ ಡಿಸ್ಕಿಗೆ ಧಕ್ಕೆಯಾಗದೆ ವೈಫೈ, ಧ್ವನಿ, ಪ್ರಿಂಟರುಗಳ ಪರೀಕ್ಷೆಯಾಗುತ್ತದೆ. ತೃಪ್ತಿಯಾದ ಬಳಿಕವೇ, ಕಡತಗಳೆಲ್ಲವನ್ನೂ ಬೇರೆಡೆ ನಕಲಿಸಿಟ್ಟು, ಸ್ಥಾಪನೆಗೆ ತೊಡಗುವುದು ವಿವೇಕ.

ಕನ್ನಡದ ಗತಿಯೇನೆಂಬ ಪ್ರಶ್ನೆ ಸಹಜ. ಶ್ರೀ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವು ‘ಕಗಪ’ ಎಂಬ ಹೆಸರಿನಿಂದ ಲಿನಕ್ಸಿನಲ್ಲಿಯೇ ಇದೆ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸ ಅಭ್ಯಾಸ ಬೇಕಾಗದು. ಕನ್ನಡ ಲಿಪಿಯು 1991ರ ಪ್ರಥಮ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಸ್ಥಾನ ಪಡೆದಿದೆ. ಆದರೆ ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಆ ಫಾಂಟಿಲ್ಲದ ಯಂತ್ರದಲ್ಲಿ ಹಳೆಯ ಲೇಖನ ತೆರೆದರೆ ಕಾಣುವುದು ಅರ್ಥಹೀನ ಇಂಗ್ಲಿಷ್ ಅಕ್ಷರಗಳ ರಾಶಿ. ಇದು ಲಿನಕ್ಸಿನ ದೋಷವಲ್ಲ. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಲಭ್ಯವಿವೆ. ಪ್ರಶ್ನೆಪತ್ರಿಕೆ, ವರದಿ, ಹಳೆಯ ಸಂಚಿಕೆಗಳ ಕಡತಗಳನ್ನು ಈಗಲೇ ಪರಿವರ್ತಿಸದಿದ್ದರೆ, ಓದುವವರಿಲ್ಲದ ಓಲೆಗರಿಗಳ ಪಾಡೇ ಅವುಗಳಿಗೂ ಬಂದೀತು.

ತೊಡಕುಗಳು ಬರುವುದು ನಿಶ್ಚಯ. ಆದರೆ ಕಾರಣವಿಲ್ಲದ ತೊಡಕಿಲ್ಲ. ಅಕ್ಷರಗಳ ಬದಲು ಚೌಕಗಳು ಕಂಡರೆ ಕನ್ನಡ ಫಾಂಟಿನ ಅಭಾವ. ಗುಬ್ಬಿ, ನವಿಲು ಅಥವಾ ಲೋಹಿತ್ ಫಾಂಟನ್ನು ಸೇರಿಸಿದರಾಯಿತು. ಎರಡು ವ್ಯವಸ್ಥೆಗಳನ್ನೂ ಇಟ್ಟುಕೊಂಡ ಯಂತ್ರದ ಗಡಿಯಾರ ಐದೂವರೆ ಗಂಟೆ ಹಿಂದುಮುಂದಾದರೆ, ಒಂದು ವ್ಯವಸ್ಥೆ ಯಂತ್ರದ ಕಾಲವನ್ನು ಜಾಗತಿಕ ಕಾಲವೆಂದೂ ಮತ್ತೊಂದು ಸ್ಥಳೀಯ ಕಾಲವೆಂದೂ ಎಣಿಸುತ್ತಿರುವುದೇ ಕಾರಣ. ಜಾಲತಾಣಗಳೆಲ್ಲ ಭದ್ರತೆಯ ನೆಪದಿಂದ ತೆರೆಯಲೊಲ್ಲವಾದರೆ ದಿನಾಂಕವನ್ನು ನೋಡಬೇಕು. ಬಹುಶಃ ಒಳಗಿನ ನಾಣ್ಯದಾಕಾರದ ಬ್ಯಾಟರಿ ತೀರಿ, ದಿನಾಂಕ ಹಲವು ವರ್ಷ ಹಿಂದಕ್ಕೆ ಸರಿದಿರುತ್ತದೆ. ಪರದೆಯ ಮೇಲಿನ ದೋಷಸೂಚನೆಯನ್ನು ಪೂರ್ತಿ ಓದುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು, ಮಾಡಿದ್ದನ್ನು ಬರೆದಿಡುವುದು — ಇವು ಮೂರೇ ನಿಯಮಗಳು. ಸೂತ್ರದ ಪದಪದವನ್ನೂ ಬಿಡಿಸಿ ಅರ್ಥೈಸುವ ವೈಯಾಕರಣನ ಶಿಸ್ತು ಇದಕ್ಕಿಂತ ಭಿನ್ನವಲ್ಲ.

ಟ್ಯಾಲಿಯಂತಹ ಕೆಲವು ತಂತ್ರಾಂಶಗಳಿಗೆ ವಿಂಡೋಸೇ ಬೇಕೆಂಬುದು ನಿಜ. ಲೆಕ್ಕಪತ್ರದ ಯಂತ್ರವನ್ನು ಅದಕ್ಕೇ ಬಿಟ್ಟು, ಮಕ್ಕಳ ಓದುಬರಹದ ಯಂತ್ರದಲ್ಲಿ ಲಿನಕ್ಸನ್ನು ನೆಲೆಗೊಳಿಸಲು ಅಡ್ಡಿಯೇನು? ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಗಣಕ ಶಿಕ್ಷಣವು ಮುಕ್ತ ತಂತ್ರಾಂಶದಲ್ಲಿಯೇ ನಡೆಯುತ್ತಿದ್ದು, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಅಭ್ಯಸಿಸುತ್ತಾರೆ. ಗಡಿಯಾಚೆಯ ಕನ್ನಡ ಮಕ್ಕಳಿಗೆ ಸಾಧ್ಯವಾದುದು ಕೃಷ್ಣೆ-ಘಟಪ್ರಭೆಯ ನಾಡಿನ ಮಕ್ಕಳಿಗೆ ಅಸಾಧ್ಯವೆನ್ನಲಾಗದು.

ಆದುದರಿಂದ ಊರೂರಿನಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಕಚೇರಿ-ಮನೆಗಳಲ್ಲಿ ಮೂಲೆಗುಂಪಾದ ಯಂತ್ರಗಳನ್ನು ಶಾಲೆಗಳಿಗೆ ಕಳುಹಿಸಲಿ. ದಾನಿಗಳು ಅವುಗಳ ಬ್ಯಾಟರಿ, ಡಿಸ್ಕುಗಳ ವೆಚ್ಚ ವಹಿಸಲಿ. ಅಧ್ಯಾಪಕರು ಅನುಸ್ಥಾಪನೆಯನ್ನು ಮಕ್ಕಳ ಕೈಯಿಂದಲೇ ಮಾಡಿಸಲಿ. ಯಂತ್ರವನ್ನು ಕೊಟ್ಟರೆ ಅದು ಕೆಲವು ವರ್ಷ ಬಾಳೀತು. ದುರಸ್ತಿಯ ವಿದ್ಯೆಯನ್ನು ಕೊಟ್ಟರೆ ಅದು ಪ್ರತಿಯಿಂದ ಪ್ರತಿಗೆ ಸಾಗಿ, ಮುಂದಿನ ತಲೆಮಾರಿನ ಸ್ವತ್ತಾಗುವುದು.