‘ಪಾರ್ಟ್ ಬರಲ್ಲ’ ಅಂದವರು ಯಾರು?

ಹಳೆಯ ಚೈನ್‌ಸಾ ಒಂದನ್ನು ರಿಪೇರಿಗೆ ಕೊಂಡೊಯ್ದವರಿಗೆಲ್ಲ ಈ ಮಾತು ಗೊತ್ತು: ‘ಇದಕ್ಕೆ ಪಾರ್ಟ್ ಬರಲ್ಲ.’ ಈ ಸಲ ಮಳೆ ಬರಲ್ಲ, ಸಂಜೆ ತನಕ ಕರೆಂಟ್ ಬರಲ್ಲ ಎನ್ನುವ ಧಾಟಿಯಲ್ಲೇ ಅಂಗಡಿಯವರು ಇದನ್ನೂ ಹೇಳುತ್ತಾರೆ. ನಾವೂ ಹಾಗೆಯೇ ಕೇಳಿಸಿಕೊಂಡು ವಾಪಸ್ ಬರುತ್ತೇವೆ. ಈ ವಾಕ್ಯದಲ್ಲಿ ಕರ್ತೃವೇ ಇಲ್ಲ ಎಂಬುದನ್ನು ಗಮನಿಸಿ. ಪಾರ್ಟು ತಾನಾಗಿ ಬರುತ್ತಿತ್ತು, ತಾನಾಗಿ ನಿಂತುಹೋಯಿತು! ಎಲ್ಲೋ ಒಂದು ಕಚೇರಿಯಲ್ಲಿ ಯಾರೋ ಕೂತು ‘ಇದನ್ನು ಇನ್ನು ಮಾಡುವುದು ಬೇಡ, ಇದರ ನಕ್ಷೆಯನ್ನು ಯಾರಿಗೂ ಕೊಡುವುದೂ ಬೇಡ’ ಎಂದು ತೀರ್ಮಾನಿಸಿದ್ದು ಆ ವಾಕ್ಯದಿಂದ ನುಣ್ಣಗೆ ಜಾರಿಕೊಂಡಿದೆ. ನನ್ನ ಜಗಳ ಆ ತೀರ್ಮಾನದ ಜೊತೆ, ಅದರಲ್ಲೂ ಅದರ ಎರಡನೆಯ ಭಾಗದ ಜೊತೆ.

ಅಮೆರಿಕ, ಜರ್ಮನಿ, ಸ್ವೀಡನ್ ಕಡೆ ಹಳೆಯ ಚೈನ್‌ಸಾಗಳನ್ನು ಬಿಚ್ಚಿ, ತೊಳೆದು, ಜೋಡಿಸಿ, ಮತ್ತೆ ಓಡಿಸಿ ಖುಷಿಪಡುವ ಹವ್ಯಾಸಿಗಳ ದೊಡ್ಡ ಬಳಗವೇ ಇದೆ. ಮೆಕ್ಕಲಕ್, ಹೋಮ್‌ಲೈಟ್, ಸ್ಟಿಲ್, ಹಸ್ಕ್‌ವಾರ್ನಾ ಎಂದು ಅವರವರ ಭಕ್ತಿ ಅವರವರಿಗೆ. ಅವರ ನಡುವೆ ‘ಎನ್ಎಲ್ಎ’ ಎಂಬ ಮೂರಕ್ಷರ ಅಪಶಕುನದ ಹಾಗೆ ಓಡಾಡುತ್ತದೆ. ‘ಇನ್ನು ಲಭ್ಯವಿಲ್ಲ’ ಎಂದು ಅದರ ಅರ್ಥ. ಅವರಿಗೆ ಅದೊಂದು ಬೇಸರ, ಹೆಚ್ಚೆಂದರೆ ಕೆಟ್ಟುಹೋದ ಒಂದು ಭಾನುವಾರ. ನಮ್ಮ ಮಲೆನಾಡಿನಲ್ಲಿ ‘ವಿಂಟೇಜ್’ ಎಂಬ ಪದಕ್ಕೇ ಜಾಗವಿಲ್ಲ. ಕಾಫಿ ತೋಟದ ಮರಗಸಿಗೆ, ಸಿಲ್ವರ್ ಓಕ್ ಕೊಯ್ಯುವುದಕ್ಕೆ, ಆಷಾಢದ ಗಾಳಿಗೆ ರಸ್ತೆಗೆ ಅಡ್ಡ ಬಿದ್ದ ಮರ ತುಂಡರಿಸುವುದಕ್ಕೆ ಬೇಕಾದ ಮಿಷನ್ನು ಅದು. ತೋಟದ ಯಜಮಾನರು ಹೊಸದನ್ನು ಕೊಂಡಾಗ ಹಳೆಯದು ಕಡಿಮೆ ಬೆಲೆಗೆ ಮರಗೆಲಸದವನ ಕೈಗೆ ಬರುತ್ತದೆ. ಅವನು ದಿನಗೂಲಿಯ ಮೇಲೆ ‘ಮಿಷನ್ ಬಾಡಿಗೆ’ ಎಂದು ಒಂದಿಷ್ಟು ಹೆಚ್ಚು ಕೇಳಬಲ್ಲನಾದರೆ ಅದು ಆ ಹಳೆಯ ಗರಗಸದಿಂದ. ಅದು ನಿಂತ ದಿನ ಅವನು ಬರೀ ಕೂಲಿ.

ನನ್ನ ಪಿಎಚ್‌ಡಿ ಕೆಲಸ ಇಂಥ ಮಿಷನ್ನುಗಳನ್ನು ರಿಪೇರಿ ಮಾಡುವ ಅಂಗಡಿಗಳ ಬಗ್ಗೆ. ಹಾಗಾಗಿ ಎರಡು ವರ್ಷಗಳಿಂದ ಗ್ರೀಸು ಹತ್ತಿದ ಸ್ಟೂಲುಗಳ ಮೇಲೆ ಕೂತು ‘ಬರಲ್ಲ’ ಎಂಬ ಮಾತನ್ನು ಬರೆದುಕೊಳ್ಳುತ್ತಿದ್ದೇನೆ. ಬರೆದುಕೊಂಡದ್ದನ್ನು ಒಂದು ಕಡೆ ಹರಡಿ ನೋಡಿದರೆ ಕಾಣುವುದು ಬೇರೆಯೇ ಚಿತ್ರ.

ಒಂದು ಹಳೆಯ ಗರಗಸದಲ್ಲಿ ಏನೇನು ಸಿಗುತ್ತದೆ, ಏನೇನು ಸಿಗುವುದಿಲ್ಲ ಎಂದು ನೋಡಿ. ಚೈನು ಸಿಗುತ್ತದೆ. ಇವತ್ತಿನ ಚೈನಿನ ಹಲ್ಲಿನ ಆಕಾರ ಜೋಸೆಫ್ ಕಾಕ್ಸ್ ಎಂಬ ಅಮೆರಿಕದ ಮರಗೆಲಸಗಾರನದ್ದು. ಮರದ ಬುಡವನ್ನು ಕೊರೆಯುತ್ತಿದ್ದ ಒಂದು ಹುಳುವಿನ ದವಡೆಯನ್ನು ನೋಡಿ ಅವನು ಈ ಹಲ್ಲನ್ನು ರೂಪಿಸಿದ. 1947ರಲ್ಲಿ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಅದನ್ನು ಮಾರಲು ಶುರುಮಾಡಿದ. ಆಮೇಲೆ ಲೋಕದ ಹೆಚ್ಚಿನ ಗರಗಸಗಳು ಮೂರು ನಾಲ್ಕು ಅಳತೆಯ ಚೈನುಗಳಿಗೆ ಒಗ್ಗಿಕೊಂಡವು. ಅರವತ್ತು ವರ್ಷದ ಗರಗಸಕ್ಕೂ ಇವತ್ತು ತಯಾರಾದ ಚೈನು ಎಷ್ಟೋ ಸಲ ಕೂರುತ್ತದೆ. ಸ್ಪಾರ್ಕ್ ಪ್ಲಗ್ ಸಿಗುತ್ತದೆ. ಕಾರ್ಬೊರೇಟರಿನ ಕಿಟ್ ಸಿಗುತ್ತದೆ, ಯಾಕೆಂದರೆ ಗರಗಸದ ಕಂಪನಿಗಳು ಕಾರ್ಬೊರೇಟರನ್ನು ತಾವೇ ಮಾಡದೆ ಟಿಲಟ್ಸನ್, ವಾಲ್ಬ್ರೊ ಥರದವರಿಂದ ಕೊಳ್ಳುತ್ತಿದ್ದವು. ಒಂದೇ ಕಾರ್ಬೊರೇಟರು ಹತ್ತು ಕಂಪನಿಗಳ ಮಿಷನ್ನುಗಳಲ್ಲಿ ಕೂತಿರುವಾಗ ಅದರ ಡಯಾಫ್ರಂ ಮಾಡುವವನಿಗೆ ಇವತ್ತೂ ಗಿರಾಕಿ ಇದ್ದಾನೆ. (ಪೆಟ್ರೋಲಿಗೆ ಶೇಕಡ 20 ಎಥನಾಲ್ ಬೆರೆಸತೊಡಗಿದ ಮೇಲಂತೂ ಹಳೆಯ ರಬ್ಬರ್ ಪೈಪು, ಡಯಾಫ್ರಂಗಳು ಬೇಗ ಕೆಡುತ್ತಿವೆ ಎಂದು ಅಂಗಡಿಗಳಲ್ಲಿ ದೂರು. ಹಳೆಯ ಎಂಜಿನ್ ಇಟ್ಟುಕೊಂಡವರನ್ನು ಆ ಬಗ್ಗೆ ಯಾರೂ ಕೇಳಲಿಲ್ಲ ಎನ್ನುವುದು ಇನ್ನೊಂದು ಜಗಳ, ಇನ್ನೊಂದು ವಾರಕ್ಕಿರಲಿ.)

ಸಿಗದಿರುವುದು ಯಾವುದು? ಚೈನಿಗೆ ಎಣ್ಣೆ ಊಡುವ ಪುಟ್ಟ ಪಂಪು. ಇಗ್ನಿಷನ್ ಕಾಯಿಲು. ಹಿಡಿಕೆಗೂ ಎಂಜಿನ್ನಿಗೂ ನಡುವೆ ಕೂರುವ ರಬ್ಬರ್ ಬುಷ್. ಕಾರ್ಬೊರೇಟರಿನಿಂದ ಸಿಲಿಂಡರಿಗೆ ಹೋಗುವ ರಬ್ಬರ್ ಕೊಳವೆ. ಸ್ಟಾರ್ಟರ್ ಹಗ್ಗ ಎಳೆದಾಗ ಕಚ್ಚಿಕೊಳ್ಳಬೇಕಾದ ಬೆರಳುಗಾತ್ರದ ಕೊಕ್ಕೆ. ಅಂದರೆ ಒಂದೇ ಕಂಪನಿ ಒಂದೇ ಮಾಡೆಲ್ಲಿಗೆಂದು ಮಾಡಿ, ಅಳತೆಯನ್ನು ತನ್ನಲ್ಲೇ ಇಟ್ಟುಕೊಂಡ ಸಾಮಾನು. ಎರಡೂ ಪಟ್ಟಿಯ ಭಾಗಗಳಿಗೆ ಒಂದೇ ವಯಸ್ಸು. ಹಳೆಯದಾದ್ದರಿಂದ ಸಿಗುವುದಿಲ್ಲ ಎನ್ನುವುದಾದರೆ ಕಾರ್ಬೊರೇಟರ್ ಕಿಟ್ಟೂ ಸಿಗಬಾರದಿತ್ತು. ಅಳತೆ ಹಂಚಿಕೊಂಡ ಭಾಗ ಬದುಕಿದೆ, ಬಚ್ಚಿಟ್ಟ ಭಾಗ ಸತ್ತಿದೆ.

ಬೇರಿಂಗ್ ಒಂದನ್ನೇ ತೆಗೆದುಕೊಳ್ಳಿ. 6202 ಎಂದು ಕೆತ್ತಿದ ಬೇರಿಂಗು ಜಗತ್ತಿನ ಯಾವ ಮೂಲೆಯಲ್ಲೂ ಒಳಗೆ 15, ಹೊರಗೆ 35, ದಪ್ಪ 11 ಮಿಲಿಮೀಟರ್. ಫ್ಯಾನಿನದ್ದೋ ಪಂಪಿನದ್ದೋ ಯಾರೂ ಕೇಳುವುದಿಲ್ಲ. ಆಯಿಲ್ ಸೀಲೂ ಹಾಗೆಯೇ: ಮೂರು ಅಳತೆ ಗೊತ್ತಾದರೆ ಸಾಕು, ಹಾಸನದ ಬೇರಿಂಗ್ ಅಂಗಡಿಯಲ್ಲಿ ಎದುರಿಗಿಡುತ್ತಾರೆ. ಕೆಲವು ಕಂಪನಿಗಳು ಬಿಡಿಭಾಗಗಳ ಪಟ್ಟಿಯಲ್ಲೇ ಸೀಲಿನ ಅಳತೆ ಮುದ್ರಿಸಿವೆ, ಅವರಿಗೊಂದು ನಮಸ್ಕಾರ. ಉಳಿದವರದ್ದು ತಮಗೆ ಮಾತ್ರ ಅರ್ಥವಾಗುವ ಉದ್ದನೆಯ ಅಂಕಿ. ನಾನು ಹೋಗಿ ಕೂರುವ ಅಂಗಡಿಯ ಮೇಸ್ತ್ರಿ ಅಂಥದೊಂದು ಪಟ್ಟಿಯನ್ನು ನನ್ನ ಮುಂದೆ ಹಿಡಿದು, “ನೀವು ಓದಿದವರಲ್ವಾ ಮಾರಾಯ್ರೆ, ಈ ನಂಬರಲ್ಲಿ ಸೀಲ್ ಎಷ್ಟು ದಪ್ಪ ಇದೆ ಅಂತ ಬರ್ದಿದೆ ಹೇಳಿ ನೋಡುವ” ಎಂದರು. ಹೇಳುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

ಸೀಲು ಸಣ್ಣ ಸಾಮಾನು, ಅದಕ್ಕೇಕೆ ಇಷ್ಟು ರಂಪ ಎನ್ನಬಹುದು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಸೀಲು ಸವೆದರೆ ಸೀಳಿನಿಂದ ಗಾಳಿ ಒಳಗೆ ನುಗ್ಗುತ್ತದೆ. ಗಾಳಿ ಹೆಚ್ಚಾದಷ್ಟೂ ಪೆಟ್ರೋಲಿನ ಪಾಲು ಕಡಿಮೆ. ಎಣ್ಣೆ ಪೆಟ್ರೋಲಿನಲ್ಲೇ ಬೆರೆತು ಬರುವುದರಿಂದ ಅದೂ ಕಡಿಮೆ. ಎಂಜಿನ್ನು ಮೊದಲಿಗಿಂತ ಜೋರಾಗಿ, ಕಿರುಚಿಕೊಂಡು ಓಡುತ್ತದೆ. ಗೊತ್ತಿಲ್ಲದವನು ‘ಇವತ್ತು ಒಳ್ಳೆ ಪಿಕಪ್ ಇದೆ’ ಎಂದುಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಪಿಸ್ಟನ್ ಗೀಚಿಕೊಂಡು ಹಿಡಿದುಕೊಳ್ಳುತ್ತದೆ. ಹಳೆಯ ಬುಲೆಟ್ಟಿನ ಬೀಡುಕಬ್ಬಿಣದ ಸಿಲಿಂಡರಾದರೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಬಹುದು. ಗರಗಸಗಳಲ್ಲಿ ಹೆಚ್ಚಿನವು ಅಲ್ಯೂಮಿನಿಯಂ ಸಿಲಿಂಡರು, ಒಳಗೆ ಕ್ರೋಮ್ ಅಥವಾ ನಿಕಲ್‌ನ ತೆಳು ಗಟ್ಟಿ ಲೇಪ. ಬೋರ್ ಮಾಡಿದರೆ ಆ ಲೇಪವೇ ಹೋಯಿತು. ಒಂದು ಸೀಲಿನ ಮೂರು ಅಳತೆ ಬರೆಯದೆ ಹೋದದ್ದರಿಂದ ಇಡೀ ಎಂಜಿನ್ನು ಗುಜರಿಗೆ.

ಇಲ್ಲಿಗೆ ಬರುವಾಗ ಯಾರಾದರೂ ಸುರಕ್ಷತೆಯ ಮಾತೆತ್ತಿಯೇ ಎತ್ತುತ್ತಾರೆ. ಹಳೆಯ ಗರಗಸ ಅಪಾಯಕಾರಿ, ಅದು ಹೋಗುವುದೇ ಒಳ್ಳೆಯದಲ್ಲವೇ ಎಂದು. ಚೈನ್ ಬ್ರೇಕ್ ಎಂಬುದು 1970ರ ದಶಕದಲ್ಲಿ ಬಂತು, ಅದಕ್ಕಿಂತ ಹಿಂದಿನ ಮಿಷನ್ನುಗಳಲ್ಲಿ ಅದು ಇಲ್ಲ. ಅಂಥವನ್ನು ದಿನದ ದುಡಿಮೆಗೆ ಬಳಸಬಾರದು ಎಂದರೆ ನಾನೂ ಒಪ್ಪುತ್ತೇನೆ. ಆದರೆ ಅದರ ನಂತರದ ಗರಗಸಗಳ ಕಥೆ? ಎಂಜಿನ್ನಿನ ನಡುಕ ವರ್ಷಗಟ್ಟಲೆ ಕೈಗೆ ಬಡಿದರೆ ಬೆರಳಿನ ರಕ್ತನಾಳಗಳು ಕೆಡುತ್ತವೆ, ಚಳಿಯಲ್ಲಿ ಬೆರಳು ಬಿಳಚಿಕೊಂಡು ಮರಗಟ್ಟುತ್ತವೆ. ಈ ಕಾಯಿಲೆ ಜಗತ್ತಿನ ಮರಗೆಲಸಗಾರರಲ್ಲಿ ಕಂಡುಬಂದ ಮೇಲೆಯೇ ಹಿಡಿಕೆಗೂ ಎಂಜಿನ್ನಿಗೂ ನಡುವೆ ರಬ್ಬರ್ ಬುಷ್‌ಗಳು ಎಲ್ಲೆಡೆ ಬಂದದ್ದು. ಮಿಷನ್ನಿನಲ್ಲಿ ಎಲ್ಲಕ್ಕಿಂತ ಬೇಗ ಕೊಳೆಯುವುದು ಅದೇ ರಬ್ಬರು. ಮೊದಲು ‘ಬರಲ್ಲ’ವಾಗುವ ಸಾಮಾನುಗಳಲ್ಲೂ ಅದು ಒಂದು. ಅದು ಸಿಗದಾಗ ಕೆಲಸ ನಿಲ್ಲುವುದಿಲ್ಲ. ಟೈರಿನ ತುಂಡು ಕತ್ತರಿಸಿ ತುರುಕುತ್ತಾರೆ, ಇಲ್ಲವೇ ಬೋಲ್ಟು ಹಾಕಿ ಬಿಗಿಯುತ್ತಾರೆ. ಕೈ ಕಾಪಾಡಲೆಂದು ಕೊಟ್ಟ ರಬ್ಬರನ್ನು ನಿಲ್ಲಿಸಿದವರು ಸುರಕ್ಷತೆಯ ಪಾಠ ಹೇಳಲು ಬಂದರೆ ಎದ್ದುಹೋಗಬೇಕೆನಿಸುತ್ತದೆ.

ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ, ಬಹಳ ಕೋಪ ಬರಿಸುವ ಒಂದು ಕಥೆ ಇದೆ. ರಾಬರ್ಟ್ ಮೆಕ್ಕಲಕ್ ಎಂಬ ಅಮೆರಿಕದ ಉದ್ಯಮಿ 1949ರಲ್ಲಿ 25 ಪೌಂಡ್ ತೂಕದ, ಒಬ್ಬನೇ ಹಿಡಿಯಬಹುದಾದ ಗರಗಸ ತಂದು ಹೆಸರು ಮಾಡಿದವನು. ಆ ದುಡ್ಡಿನಲ್ಲಿ ಅವನು 1968ರಲ್ಲಿ ಲಂಡನ್ ಬ್ರಿಜ್ ಕೊಂಡುಕೊಂಡ. ತಮಾಷೆ ಅಲ್ಲ. ಥೇಮ್ಸ್ ನದಿಯ ಮೇಲೆ 1831ರಿಂದ ನಿಂತಿದ್ದ ಸೇತುವೆಯನ್ನು 24 ಲಕ್ಷ 60 ಸಾವಿರ ಡಾಲರಿಗೆ ಖರೀದಿಸಿ, ಹೊರಮೈಯ ಕಲ್ಲು ಕಲ್ಲಿಗೂ ನಂಬರು ಹಾಕಿಸಿ, ಹಡಗಿನಲ್ಲಿ ಸಾಗಿಸಿ, ಅರಿಜೋನಾದ ಮರುಭೂಮಿಯಲ್ಲಿ ತಾನು ಕಟ್ಟುತ್ತಿದ್ದ ಊರಿನಲ್ಲಿ ಕಾಂಕ್ರೀಟಿನ ಚೌಕಟ್ಟಿಗೆ ಮತ್ತೆ ಜೋಡಿಸಿದ. 1971ರಲ್ಲಿ ಅದರ ಉದ್ಘಾಟನೆಯೂ ಆಯಿತು. ಯಾವ ಕಲ್ಲು ಎಲ್ಲಿ ಕೂರಬೇಕು ಎಂಬ ಲೆಕ್ಕ ಪಕ್ಕಾ ಇತ್ತು. ಮೆಕ್ಕಲಕ್ ಕಂಪನಿ 1999ರಲ್ಲಿ ದಿವಾಳಿಯಾಯಿತು, ಹೆಸರು ಬೇರೆಯವರ ಪಾಲಾಯಿತು. ಆ ಹೆಸರು ಹೊತ್ತ ಹೊಸ ಮಿಷನ್ನುಗಳು ಈಗಲೂ ಬರುತ್ತವೆ, ಹಳೆಯ ಮೆಕ್ಕಲಕ್ ಇಟ್ಟುಕೊಂಡವರು ಮಾತ್ರ ಭಾಗಗಳಿಗಾಗಿ ಗುಜರಿ ಕೆದಕುತ್ತಿದ್ದಾರೆ. ಕಂಪನಿ ಮಾರಾಟವಾದಾಗ ಹೆಸರಿಗೆ ಬೆಲೆ ಬರುತ್ತದೆ, ನಕ್ಷೆಗಳ ಕಪಾಟಿಗೆ ಬರುವುದಿಲ್ಲ.

ಕಪಾಟು ಮುಚ್ಚಿದ ಮೇಲೆ ಉಳಿಯುವುದು ಎರಡೇ ದಾರಿ, ಎರಡೂ ನನಗೆ ಸಮಾಧಾನದ್ದಲ್ಲ. ಮೊದಲನೆಯದು ಒಂದನ್ನು ಎಬ್ಬಿಸಲು ಎರಡನ್ನು ಕೊಲ್ಲುವುದು. ಕೆಟ್ಟ ಗರಗಸಗಳನ್ನು ಕೊಂಡು ಬಿಚ್ಚಿ ಭಾಗ ಹೊಂದಿಸುತ್ತಾರೆ. ಪ್ರತಿ ರಿಪೇರಿಗೂ ಉಳಿದ ಮಿಷನ್ನುಗಳ ಸಂಖ್ಯೆ ಇಳಿಯುತ್ತದೆ, ಇಳಿದಷ್ಟೂ ಬೆಲೆ ಏರುತ್ತದೆ. ಬೆಲೆ ಏರುವುದನ್ನು ಕಂಡ ಸಂಗ್ರಾಹಕರು ಡಬ್ಬಿ ಒಡೆಯದ ಹಳೆಯ ಭಾಗಗಳನ್ನು ಕೊಂಡು ಕಪಾಟಿನಲ್ಲಿಟ್ಟು ಫೋಟೊ ತೆಗೆಯುತ್ತಾರೆ. ಓಡಬೇಕಾದ ಪಂಪನ್ನು ಷೋಕೇಸಿನಲ್ಲಿಟ್ಟವನನ್ನು ಯಂತ್ರಪ್ರೇಮಿ ಎಂದು ಕರೆಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಎರಡನೆಯದು ಚೀನಾದ ನಕಲು. ಸ್ಟಿಲ್ 070 ನಮ್ಮ ಕಡೆ ದಿಮ್ಮಿ ಸೀಳುವವರು ಬಲ್ಲ ದೊಡ್ಡ ಗರಗಸ, ಅದರ ನಕಲು ಭಾಗಗಳು ಧಾರಾಳ. ಪಿಸ್ಟನ್, ಸಿಲಿಂಡರ್, ಕಾಯಿಲ್, ಏನು ಬೇಕೋ ಅದು. ಗುಣಮಟ್ಟ ಅದೃಷ್ಟದ ಮೇಲೆ. ಒಂದು ಸಿಲಿಂಡರು ವರ್ಷ ಓಡುತ್ತದೆ, ಇನ್ನೊಂದರ ಲೇಪ ವಾರದಲ್ಲೇ ಕಿತ್ತುಬರುತ್ತದೆ. ಆದರೂ ಬಡವನ ಗರಗಸ ಓಡುತ್ತಿದ್ದರೆ ಆ ಹೆಸರಿಲ್ಲದ ನಕಲುಗಾರನಿಂದ. ಹೆಚ್ಚು ಮಾರಾಟವಾದ ಮಾಡೆಲ್ಲಿಗೆ ಮಾತ್ರ ಆ ಭಾಗ್ಯ. ಕಡಿಮೆ ಮಾರಾಟವಾದದ್ದನ್ನು ನಕಲು ಮಾಡಲು ಅವನಿಗೇನು ಹುಚ್ಚೇ?

ಐವತ್ತು ವರ್ಷದ ಹಿಂದಿನ ಮಾಡೆಲ್ಲಿಗೆ ಭಾಗ ಮಾಡುತ್ತ ಕೂರಲು ಕಂಪನಿ ಧರ್ಮಛತ್ರವೇ ಎಂದು ಕೇಳಿದರೆ, ಅಲ್ಲ. ಮಾಡಬೇಡಿ. ಆದರೆ ಮಾಡುವುದಿಲ್ಲ ಎಂದು ಘೋಷಿಸಿದ ದಿನ ಆ ಭಾಗದ ನಕ್ಷೆ, ಅಳತೆ, ಲೋಹದ ವಿವರ, ಇವನ್ನು ಸಾರ್ವಜನಿಕರಿಗೆ ಬಿಟ್ಟುಕೊಡಿ. ನಮ್ಮ ದೇಶದಲ್ಲಿ ಪೇಟೆಂಟಿನ ಅವಧಿ 20 ವರ್ಷ, ನೋಂದಾಯಿತ ವಿನ್ಯಾಸದ್ದು ಹೆಚ್ಚೆಂದರೆ 15. ಹಳೆಯ ಗರಗಸಗಳ ಮಟ್ಟಿಗೆ ಎರಡೂ ಎಂದೋ ತೀರಿವೆ. ಭಾಗ ಮಾಡಬೇಡ ಎಂದು ಕಾನೂನು ಯಾರನ್ನೂ ತಡೆಯುತ್ತಿಲ್ಲ, ತಡೆಯುತ್ತಿರುವುದು ಅಳತೆ ಗೊತ್ತಿಲ್ಲದಿರುವುದು. ಸವೆದ ಗೇರನ್ನು ಅಳೆದರೆ ಸಿಗುವುದು ಸವೆತದ ಅಳತೆಯೇ ಹೊರತು ಗೇರಿನದ್ದಲ್ಲ. ವ್ಯಾಪಾರದ ಗುಟ್ಟು ಎನ್ನುತ್ತಾರೆ. ಪ್ರತಿಸ್ಪರ್ಧಿ ಕಂಪನಿ ಹೊಸ ಮಿಷನ್ನು ಬಂದ ವಾರವೇ ಕೊಂಡು ಬಿಚ್ಚಿ ಅಳೆದಿರುತ್ತದೆ. ಹಾಗಿದ್ದರೆ ಈ ಗುಟ್ಟು ಯಾರಿಂದ? ಚಿಕ್ಕಮಗಳೂರಿನ ಲೇತಿನವನಿಂದಲೇ?

ಇದೇನು ಹೊಸ ಆಲೋಚನೆಯಲ್ಲ. ಈ ದೇಶದಲ್ಲಿ ಪುಸ್ತಕ ಪ್ರಕಟಿಸಿದವರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ತಮ್ಮ ಖರ್ಚಿನಲ್ಲೇ ಒಂದೊಂದು ಪ್ರತಿ ಕಳಿಸಬೇಕೆಂದು 1954ರಿಂದ ಕಾಯ್ದೆ ಇದೆ. ನೂರು ಪ್ರತಿ ಮಾರಾಟವಾಗದ ಕವನ ಸಂಕಲನಕ್ಕೂ ಅದು ಅನ್ವಯ. ಪ್ರಕಾಶಕ ಮುಳುಗಿದರೂ ಪುಸ್ತಕ ಎಲ್ಲೋ ಒಂದು ಕಡೆ ಉಳಿಯಲಿ ಎಂಬ ಎಚ್ಚರ. ಸಾವಿರಾರು ಜನರ ಅನ್ನಕ್ಕೆ ದಾರಿಯಾದ ಯಂತ್ರದ ನಕ್ಷೆಗೆ ಆ ಎಚ್ಚರ ಬೇಡವೇ? ಹಸ್ತಪ್ರತಿಯ ಒಂದು ಗರಿ ಹುಳ ತಿಂದರೆ ಮರುಗುವ ನಾವು, ಸಾಹಿತ್ಯದ ಜನ, ಇದನ್ನು ನಮ್ಮ ವಿಷಯವೆಂದು ಯಾಕೆ ಎಣಿಸುವುದಿಲ್ಲವೋ ಕಾಣೆ.

ನಮ್ಮ ವಲಯದಿಂದ ಬರುವ ಆಕ್ಷೇಪವೂ ನನಗೆ ಗೊತ್ತು: ಮರ ಕಡಿಯುವ ಯಂತ್ರಕ್ಕೆ ಇಷ್ಟು ಕನಿಕರವೇ? ಸಮ್ಮೇಳನವೊಂದರಲ್ಲಿ ಹಿರಿಯರೊಬ್ಬರು ಇದನ್ನೇ ಕೇಳಿದರು. ಹಳೆಯ ಗರಗಸ ಕೆಟ್ಟು ನಿಂತದ್ದರಿಂದ ಉಳಿದ ಒಂದು ಮರವನ್ನು ನಾನು ಕಂಡಿಲ್ಲ. ಮರುದಿನ ಹೊಸ ಗರಗಸ ಬರುತ್ತದೆ, ಇಲ್ಲವೇ ಹೊಸದಿರುವ ಕಂಟ್ರಾಕ್ಟರು ಬರುತ್ತಾನೆ. ಮರ ಉಳಿಸಲು 1976ರ ನಮ್ಮ ರಾಜ್ಯದ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅದನ್ನು ಜಾರಿ ಮಾಡಬೇಕಾದ ಅಧಿಕಾರಿಗಳಿದ್ದಾರೆ. ಅವರ ಕೆಲಸವನ್ನು ಆಯಿಲ್ ಸೀಲಿನ ಕೈಲಿ ಮಾಡಿಸುವುದು ಬೇಡ.

ಯುರೋಪು 2021ರಿಂದ ವಾಷಿಂಗ್ ಮಿಷನ್, ಫ್ರಿಜ್‌ಗಳಿಗೆ ಇಂತಿಷ್ಟು ವರ್ಷ ಬಿಡಿಭಾಗ ಕೊಡಲೇಬೇಕೆಂದು ನಿಯಮ ಮಾಡಿತು. 2024ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಇನ್ನೂ ದೊಡ್ಡ ನಿರ್ದೇಶನವನ್ನೇ ತಂದಿತು. ಅದರ ಪಟ್ಟಿಯಲ್ಲಿ ಚೈನ್‌ಸಾ ಇಲ್ಲ. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಇದೇ ವಿಷಯಕ್ಕೆ ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಜಾಲತಾಣವೂ ಆಯಿತು. ಆರಿಸಿಕೊಂಡ ನಾಲ್ಕು ವಲಯಗಳಲ್ಲಿ ಕೃಷಿ ಯಂತ್ರಗಳೂ ಇವೆ ಎಂಬುದು ನಮಗೆ ಅನುಕೂಲ. ಆದರೆ ಅಲ್ಲಿ ಕಂಪನಿಗಳು ಮನಸ್ಸಿದ್ದರೆ ಮಾಹಿತಿ ಕೊಡುತ್ತವೆ, ಅದೂ ಹೆಚ್ಚಾಗಿ ಈಗ ಮಾರುತ್ತಿರುವ ಸಾಮಾನಿನದ್ದು. ತಯಾರಿಕೆ ನಿಂತ ಮಾಡೆಲ್ಲಿನ ಮಾತೇ ಇಲ್ಲ. ಕಾಫಿ ಬೆಳೆಗಾರರ ಸಂಘಗಳು ಬೆಲೆ, ಸಬ್ಸಿಡಿ, ಆನೆಯ ಬಗ್ಗೆ ಮನವಿ ಕೊಡುವಾಗ ಇದೊಂದು ಸಾಲನ್ನೂ ಸೇರಿಸಬಹುದಿತ್ತು.

ಅಷ್ಟರವರೆಗೆ ಕೆಲಸ ನಡೆಯುತ್ತಿರುವುದು ಮೇಸ್ತ್ರಿಯ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ಕಿನಲ್ಲಿ. ಯಾವ ಗರಗಸ ಬಿಚ್ಚಿದರೂ ಅವರು ಮೊದಲು ವರ್ನಿಯರ್ ಹಿಡಿಯುತ್ತಾರೆ. ಸೀಲಿನ ಮೂರು ಅಳತೆ, ಬೇರಿಂಗಿನ ನಂಬರು, ರಿಂಗಿನ ದಪ್ಪ, ಯಾವ ಸ್ಕೂಟರಿನ ಯಾವ ಭಾಗ ಸ್ವಲ್ಪ ಅರ ಹಾಕಿದರೆ ಕೂರುತ್ತದೆ ಎಂಬುದು, ಎಲ್ಲ ನೀಲಿ ಇಂಕಿನಲ್ಲಿ. ಅದನ್ನು ಪುಟ ಪುಟವಾಗಿ ನಕಲು ಮಾಡಿಕೊಳ್ಳುತ್ತಿದ್ದೇನೆ, ಪ್ರಬಂಧಕ್ಕೆ ಅನುಬಂಧವಾಗಿ ಸೇರಿಸುವ ಆಸೆ. ಆಯಿಲ್ ಪಂಪಿನ ಗೇರು ಎಂಬ ಕಡೆ ಮಾತ್ರ ಹೆಚ್ಚಿನ ಪುಟಗಳಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದಾರೆ.