ಮೈಸೂರಿಗೆ ಹೋಗದ ಚಾರುಲತೆ



ಈ ಬಾರಿ ಒಂದು ಹಳೆಯ ಬಂಗಾಲಿ ಚಿತ್ರದ ಬಗ್ಗೆ ಬರೆಯಬೇಕೆನಿಸಿದೆ. ಸತ್ಯಜಿತ್ ರಾಯ್ ನಿರ್ದೇಶಿಸಿದ 'ಚಾರುಲತಾ', 1964ರಲ್ಲಿ ತೆರೆ ಕಂಡ ಕಪ್ಪು-ಬಿಳುಪು ಚಿತ್ರ. ಹೊಡೆದಾಟವಿಲ್ಲ, ಅಬ್ಬರವಿಲ್ಲ. ಬಹುಪಾಲು ಕಥೆ ಒಂದೇ ಮನೆಯೊಳಗೆ ನಡೆಯುತ್ತದೆ. "ವಸ್ತ್ರಾಪುರದ ಕನ್ನಡದ ಮಕ್ಕಳಿಗೂ ಈ ಬಂಗಾಲಿ ಚಿತ್ರಕ್ಕೂ ಏನು ಸಂಬಂಧ?" ಎಂದು ನೀವು ಕೇಳಬಹುದು. ಸಂಬಂಧವಿದೆ. ಇದರ ಮೂಲ ಕಥೆ ಬರೆದವರು ಹುಡುಗನಾಗಿದ್ದಾಗ ಕೆಲವು ತಿಂಗಳು ನಮ್ಮ ಅಹಮದಾಬಾದಿನಲ್ಲೇ ಇದ್ದರು. ಈ ಕಥೆಗೆ ನೆರಳಾಗಿರುವ ಹೆಣ್ಣುಮಗಳು ನಮ್ಮ ಕಾರವಾರದ ಕಡಲನ್ನು ಕಂಡವಳು. ಕಥೆಯ ಕೊನೆಯಲ್ಲಿ ಬರುವ ಊರಿನ ಹೆಸರಂತೂ ಮೈಸೂರು! ಒಂದೊಂದಾಗಿ ಹೇಳುತ್ತೇನೆ. ಮೊದಲು ಚಿತ್ರದ ಕಥೆ.

ಕಾಲ 1879-80. ಸ್ಥಳ ಕಲ್ಕತ್ತಾ. ಭೂಪತಿ ಎಂಬ ಶ್ರೀಮಂತ ಮನೆಯಲ್ಲೇ ಅಚ್ಚಿನ ಯಂತ್ರ ಇಟ್ಟುಕೊಂಡು ಇಂಗ್ಲಿಷ್ ಪತ್ರಿಕೆ ನಡೆಸುತ್ತಾನೆ. ಅವನ ಹೆಂಡತಿ ಚಾರುಲತೆ. ಮಕ್ಕಳಿಲ್ಲ. ಕೆಲಸಕ್ಕೆ ಆಳುಗಳಿದ್ದಾರೆ. ಓದು ಬಲ್ಲವಳು, ಬುದ್ಧಿವಂತೆ. ಆದರೆ ಹಗಲು ಉದ್ದ. ಚಿತ್ರದ ಮೊದಲ ದೃಶ್ಯದಲ್ಲಿ ಅವಳು ಕರವಸ್ತ್ರದ ಮೇಲೆ ಗಂಡನ ಹೆಸರಿನ ಮೊದಲಕ್ಷರ ಕಸೂತಿ ಹಾಕುತ್ತಿರುತ್ತಾಳೆ. ಆಮೇಲೆ ಪುಟ್ಟ ದುರ್ಬೀನು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡಾಡಿ, ಬಾಗಿಲ ಸಂದಿಯಿಂದ ಬೀದಿಯ ಜನರನ್ನು ನೋಡುತ್ತಾಳೆ. ಅಷ್ಟರಲ್ಲಿ ಗಂಡ ಪಡಸಾಲೆಯಲ್ಲಿ ಪುಸ್ತಕ ಓದುತ್ತಾ ಬರುತ್ತಾನೆ. ಅವಳು ಅಲ್ಲೇ ನಿಂತಿದ್ದಾಳೆ. ಅವನು ನೋಡುವುದಿಲ್ಲ, ಹಾಗೇ ಹೋಗಿಬಿಡುತ್ತಾನೆ. ಚಾರು ದುರ್ಬೀನನ್ನು ಕಣ್ಣಿಗಿಟ್ಟು ತನ್ನ ಗಂಡನನ್ನೇ ನೋಡುತ್ತಾಳೆ! ಇಷ್ಟು ಹೊತ್ತು ಹೆಚ್ಚುಕಡಿಮೆ ಮಾತೇ ಇಲ್ಲ. ಆದರೆ ಆ ಮನೆಯ ಸ್ಥಿತಿ ನಮಗೆ ಪೂರ್ತಿ ಅರ್ಥವಾಗಿರುತ್ತದೆ.

ಒಂದು ದಿನ ಬಿರುಗಾಳಿಯ ಜೊತೆಗೇ ಅಮಲ್ ಬರುತ್ತಾನೆ. ಭೂಪತಿಯ ಸೋದರತ್ತೆಯ ಮಗ, ವರಸೆಯಲ್ಲಿ ಚಾರುವಿಗೆ ಮೈದುನ. ಪರೀಕ್ಷೆ ಮುಗಿಸಿ ಬಂದ ಹುಡುಗ, ಹಾಡುತ್ತಾನೆ, ಕವಿತೆ ಬರೆಯುತ್ತಾನೆ. "ನಿನ್ನ ಅತ್ತಿಗೆಗೆ ಸಾಹಿತ್ಯದಲ್ಲಿ ಆಸಕ್ತಿಯಿದೆ, ಸ್ವಲ್ಪ ಪ್ರೋತ್ಸಾಹ ಕೊಡು" ಎಂಬರ್ಥದಲ್ಲಿ ಅವನಿಗೆ ಹೇಳುವವನು ಬೇರಾರೂ ಅಲ್ಲ, ಸ್ವತಃ ಭೂಪತಿ. ತೋಟದ ಉಯ್ಯಾಲೆ, ಹಾಡು, ತಮಾಷೆ, ಬರವಣಿಗೆ ಹೀಗೆ ದಿನ ಕಳೆಯುತ್ತದೆ. ಅತ್ತಿಗೆ-ಮೈದುನರ ಸಲಿಗೆ ನಮ್ಮ ಮನೆಗಳಲ್ಲೂ ಇರುವಂಥದೇ. ಅರ್ಧ ಅಕ್ಕ-ತಮ್ಮ, ಅರ್ಧ ಗೆಳೆಯರು. ಆದರೆ ಚಾರುವಿನ ಮನಸ್ಸು ಯಾವಾಗ ಆ ಗೆರೆ ದಾಟಿತು ಎಂಬುದು ಅವಳಿಗೇ ತಿಳಿಯುವುದಿಲ್ಲ. ಅವಳು ತನ್ನ ಹಳ್ಳಿಯ ನೆನಪನ್ನು ಬರೆದು ಪತ್ರಿಕೆಯಲ್ಲಿ ಅಚ್ಚು ಮಾಡಿಸುತ್ತಾಳೆ. ಹೆಸರಿಗಾಗಿ ಅಲ್ಲ. ಅಮಲ್ ಓದಲಿ ಎಂದು. ಅಮಲ್‌ಗೆ ವಿಷಯ ಅರಿವಾದಾಗ ಅವನು ಅಣ್ಣನಿಗೆ ದ್ರೋಹ ಮಾಡಲಾರದೆ ರಾತ್ರೋರಾತ್ರಿ ಪತ್ರ ಬರೆದಿಟ್ಟು ಹೊರಟುಹೋಗುತ್ತಾನೆ. ಮುಂದೆ ಒಂದು ದಿನ ಅವನ ಕಾಗದ ಬಂದಾಗ ಚಾರು ಬಿಕ್ಕಿ ಬಿಕ್ಕಿ ಅಳುವುದನ್ನು ಭೂಪತಿ ಆಕಸ್ಮಿಕವಾಗಿ ನೋಡಿಬಿಡುತ್ತಾನೆ. ಅಷ್ಟೇ ಕಥೆ.

ಗಮನಿಸಿ, ಇದರಲ್ಲಿ ಖಳನಾಯಕ ಯಾರೂ ಇಲ್ಲ. ಭೂಪತಿ ಒಳ್ಳೆಯವನು. ಕುಡಿಯುವುದಿಲ್ಲ, ಬಯ್ಯುವುದಿಲ್ಲ. ಹೆಂಡತಿಗೆ ಬೇಸರವಾಗಬಾರದೆಂದು ಅವಳ ಅಣ್ಣ-ಅತ್ತಿಗೆಯನ್ನೂ ಮನೆಗೆ ಕರೆಸಿದ್ದಾನೆ. 1880ರಲ್ಲಿ ಇಂಗ್ಲೆಂಡಿನ ಚುನಾವಣೆಯಲ್ಲಿ ಗ್ಲಾಡ್‌ಸ್ಟನ್ನರ ಪಕ್ಷ ಗೆದ್ದಾಗ ಅವನ ಮನೆಯಲ್ಲಿ ಗೆಳೆಯರ ಸಂಭ್ರಮವೋ ಸಂಭ್ರಮ. ಲಂಡನ್ನಿನ ಸುದ್ದಿಯೆಲ್ಲ ಅವನಿಗೆ ಗೊತ್ತು. ಪಕ್ಕದ ಕೋಣೆಯ ಸುದ್ದಿ ಮಾತ್ರ ಗೊತ್ತಿಲ್ಲ. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂದು ನಮ್ಮ ಹಿರಿಯರು ಹೇಳಿದರು. ಜಗಳವೇ ಆಗದ ಮನೆಗೆ ಏನು ಹೇಳೋಣ? ಭೂಪತಿಯ ಮನೆಯಲ್ಲಿ ಜಗಳವಿಲ್ಲ. ಜಗಳವಾಡುವಷ್ಟು ಮಾತೂ ಇಲ್ಲ.

ಚಾರುಲತೆಯಾಗಿ ಮಾಧವಿ ಮುಖರ್ಜಿ, ಅಮಲ್ ಆಗಿ ಸೌಮಿತ್ರ ಚಟರ್ಜಿ, ಭೂಪತಿಯಾಗಿ ಶೈಲೇನ್ ಮುಖರ್ಜಿ ಅಭಿನಯಿಸಿದ್ದಾರೆ. ಈ ಚಿತ್ರಕ್ಕಾಗಿ 1965ರ ಬರ್ಲಿನ್ ಚಿತ್ರೋತ್ಸವದಲ್ಲಿ ರಾಯ್ ಅವರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂತು. ತಮ್ಮ ಚಿತ್ರಗಳಲ್ಲಿ ಅತಿ ಕಡಿಮೆ ದೋಷಗಳಿರುವುದು ಇದರಲ್ಲೇ ಎಂದು ಅವರೇ ಹೇಳುತ್ತಿದ್ದರು.

ಮೂಲ ಕಥೆ ರವೀಂದ್ರನಾಥ ಟಾಗೋರರ 'ನಷ್ಟನೀಡ'. ನೀಡವೆಂದರೆ ಗೂಡು. ಹಾಳಾದ ಗೂಡು ಎಂದು ಅರ್ಥ. 1901ರಲ್ಲಿ 'ಭಾರತಿ' ಪತ್ರಿಕೆಯಲ್ಲಿ ಕಂತುಗಳಾಗಿ ಬಂತು. ಚಿತ್ರದ ಕೊನೆಯಲ್ಲಿ ಗಂಡ ಮನೆಗೆ ಹಿಂತಿರುಗುತ್ತಾನೆ. ಚಾರು ಕೈ ಚಾಚುತ್ತಾಳೆ, ಅವನೂ ಚಾಚುತ್ತಾನೆ. ಎರಡು ಕೈಗಳು ಕೂಡುವ ಮೊದಲೇ ಚಿತ್ರ ಸ್ತಬ್ಧವಾಗಿ ನಿಂತುಬಿಡುತ್ತದೆ. ಟಾಗೋರರ ಕಥೆಯಲ್ಲಿ ಕೊನೆ ಬೇರೆ. ಅಲ್ಲಿ ಭೂಪತಿಗೆ ಮೈಸೂರಿನಿಂದ ಪತ್ರಿಕೆಯೊಂದರ ಸಂಪಾದಕನ ಕೆಲಸಕ್ಕೆ ಕರೆ ಬರುತ್ತದೆ. ಅವನು ಒಬ್ಬನೇ ಹೊರಡಲು ಸಿದ್ಧನಾಗುತ್ತಾನೆ. ತನ್ನನ್ನೂ ಕರೆದುಕೊಂಡು ಹೋಗೆಂದು ಚಾರು ಬೇಡುತ್ತಾಳೆ. ಅವನು ಮೊದಲು ಆಗದೆನ್ನುತ್ತಾನೆ. ಅವಳ ಮುಖ ಬಿಳಿಚಿಕೊಂಡದ್ದನ್ನು ಕಂಡು ಮನಸ್ಸು ಕರಗಿ ಬಾ ಎನ್ನುತ್ತಾನೆ. ಆಗ ಅವಳೇ ಬೇಡವೆನ್ನುತ್ತಾಳೆ. ಅವಳಿಗೆ ಬೇಕಾಗಿದ್ದದ್ದು ಮೈಸೂರಲ್ಲ, ಕರುಣೆಯೂ ಅಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಸಿಗದ ಜೊತೆ ಮೈಸೂರಿನಲ್ಲಿ ಸಿಗುತ್ತದೆಯೇ?

ಈಗ ನಮ್ಮೂರುಗಳ ವಿಷಯಕ್ಕೆ ಬರೋಣ. ಟಾಗೋರರ ಎರಡನೆಯ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಸೇರಿದ ಮೊದಲ ಭಾರತೀಯರು. ಅವರ ನೌಕರಿ ಬೊಂಬಾಯಿ ಪ್ರಾಂತದಲ್ಲಿ. ಆಗ ಅಹಮದಾಬಾದೂ ಅದರಲ್ಲಿತ್ತು, ನಮ್ಮ ಕಾರವಾರವೂ ಅದರಲ್ಲೇ ಇತ್ತು. ಹಾಗಾಗಿ ಒಬ್ಬ ಅಧಿಕಾರಿಯ ವರ್ಗಾವಣೆ ಈ ಎರಡು ಊರುಗಳನ್ನೂ ಟಾಗೋರರಿಗೆ ತೋರಿಸಿತು. 1878ರಲ್ಲಿ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 17ರ ಹರೆಯದ ರವೀಂದ್ರರು ಶಾಹಿಬಾಗಿನ ಅರಮನೆಯಲ್ಲಿ ಬಂದಿದ್ದರು. ಅಣ್ಣ ಕೋರ್ಟಿಗೆ ಹೋದರೆ ಹಗಲೆಲ್ಲ ಆ ದೊಡ್ಡ ಮನೆಯಲ್ಲಿ ಹುಡುಗ ಒಬ್ಬನೇ. ಕೆಳಗೆ ಸಾಬರಮತಿ. ಅಲ್ಲಿನ ನೆನಪೇ ಮುಂದೆ 'ಕ್ಷುಧಿತ ಪಾಷಾಣ' ಕಥೆಯಾಯಿತು. ಆ ಅರಮನೆಯೇ ಈಗಿನ ಸರ್ದಾರ್ ಪಟೇಲ್ ಸ್ಮಾರಕ. ನಿಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ನೋಡಿರುತ್ತೀರಿ. ಖಾಲಿ ಮನೆಯ ಹಗಲು ಎಷ್ಟು ಉದ್ದ ಎಂಬುದನ್ನು ಟಾಗೋರರು ಬರಿಯ ಊಹೆಯಿಂದ ಬರೆದವರಲ್ಲ.

ಐದು ವರ್ಷದ ನಂತರ, 1883ರಲ್ಲಿ, ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ಈ ಸಲ ರವೀಂದ್ರರ ಜೊತೆ ಇನ್ನೊಬ್ಬ ಅಣ್ಣ ಜ್ಯೋತಿರಿಂದ್ರನಾಥರೂ ಅವರ ಪತ್ನಿ ಕಾದಂಬರಿ ದೇವಿಯೂ ಬಂದರು. ಕಡಲತೀರದ ಗಾಳಿಮರದ ತೋಪು, ಬೆಳದಿಂಗಳಲ್ಲಿ ಕಾಳಿ ನದಿಯ ದೋಣಿಯಾನ, ಹಿಂತಿರುಗುವಾಗ ಮರಳಿನ ಮೇಲೆ ನಡೆದು ಬಂದದ್ದು, ಇವನ್ನೆಲ್ಲ ಟಾಗೋರರು ತಮ್ಮ ನೆನಪುಗಳ ಪುಸ್ತಕದಲ್ಲಿ ಬರೆದಿದ್ದಾರೆ. 'ಪ್ರಕೃತಿಯ ಪ್ರತಿಶೋಧ' ನಾಟಕ ಹುಟ್ಟಿದ್ದೂ ಕಾರವಾರದಲ್ಲೇ. ಇಂದಿಗೂ ಅಲ್ಲಿನ ಕಡಲತೀರಕ್ಕೆ ಅವರದೇ ಹೆಸರು.

ಕಾದಂಬರಿ ದೇವಿ ಆ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ 9 ವರ್ಷ, ಮೈದುನ ರವಿಗೆ 7. ಇಬ್ಬರೂ ಜೊತೆಯಲ್ಲೇ ಬೆಳೆದರು. ಅವನ ಕವಿತೆಗಳಿಗೆ ಮೊದಲ ಕೇಳುಗಳು ಅವಳೇ, ಟೀಕಾಕಾರಳೂ ಅವಳೇ. ಮಹಡಿಯ ಮೇಲೆ ತೋಟ ಮಾಡಿ ಕವಿಗಳನ್ನು ಕರೆಸುತ್ತಿದ್ದಳು. ಕವಿ ಬಿಹಾರಿಲಾಲ್ ಚಕ್ರವರ್ತಿಗೆ ತನ್ನ ಕೈಯಿಂದಲೇ ಆಸನ ಹೆಣೆದು ಕೊಟ್ಟಿದ್ದಳು. ಗಂಡ ಪ್ರತಿಭಾವಂತ, ನಾಟಕ, ಸಂಗೀತ, ಪತ್ರಿಕೆ, ವ್ಯಾಪಾರ ಎಲ್ಲದರಲ್ಲೂ ಮುಳುಗಿದವನು. ಮಕ್ಕಳಿರಲಿಲ್ಲ. ಕಾರವಾರದಿಂದ ಹಿಂತಿರುಗಿದ ಮೇಲೆ, 1883ರ ಡಿಸೆಂಬರಿನಲ್ಲಿ ರವೀಂದ್ರರ ಮದುವೆಯಾಯಿತು. ನಾಲ್ಕೇ ತಿಂಗಳ ನಂತರ, 1884ರ ಏಪ್ರಿಲಿನಲ್ಲಿ, ಕಾದಂಬರಿ ದೇವಿ ತಾನಾಗಿಯೇ ಜೀವ ಕಳೆದುಕೊಂಡಳು. ವಯಸ್ಸು 24. ಟಾಗೋರರಿಗೆ ಇನ್ನೂ 23 ತುಂಬಿರಲಿಲ್ಲ. ಆ ದುಃಖ ಅವರ ಬರವಣಿಗೆಯಲ್ಲಿ ಕೊನೆಯವರೆಗೂ ಕಾಣುತ್ತದೆ.

ಇಷ್ಟು ಹೇಳಿದ ಕೂಡಲೇ "ಓಹೋ, ಹಾಗಾದರೆ ಚಾರು ಎಂದರೆ ಕಾದಂಬರಿ, ಅಮಲ್ ಎಂದರೆ ಟಾಗೋರ್" ಎಂದು ಲೆಕ್ಕ ಹಾಕಿಬಿಡುವುದು ಸುಲಭ. ಹಾಗೆ ಬರೆದ ಪುಸ್ತಕಗಳಿಗೂ ಕೊರತೆಯಿಲ್ಲ. ದಯವಿಟ್ಟು ಅವಸರ ಮಾಡಬೇಡಿ. ಕಥೆಯ ಚಾರು ಬದುಕಿರುತ್ತಾಳೆ, ಬೇಡವೆನ್ನುವ ಶಕ್ತಿ ಉಳಿಸಿಕೊಳ್ಳುತ್ತಾಳೆ. ಒಂದು ಸಾವಿಗೆ ಒಂದೇ ಕಾರಣ ಹುಡುಕುವುದು ಹರಟೆಗೆ ಸರಿ, ನ್ಯಾಯಕ್ಕಲ್ಲ. ಯಾರು ಯಾರನ್ನು ಪ್ರೀತಿಸಿದರು ಎಂಬ ಕುತೂಹಲದಲ್ಲಿ ನಾವು ಮರೆಯುವುದು ಒಂದು ಸರಳ ಸಂಗತಿ. ಅಷ್ಟು ಜನರಿದ್ದ ಆ ದೊಡ್ಡ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಒಂಟಿಯಾಗಿದ್ದಳು.

ಅದೇ ಮನೆಯ ಇನ್ನೊಬ್ಬ ಸೊಸೆಯನ್ನು ನೋಡಿ. ಸತ್ಯೇಂದ್ರನಾಥರ ಪತ್ನಿ ಜ್ಞಾನದಾನಂದಿನಿ ದೇವಿ. ಗಂಡ ಅವಳನ್ನು ಅಂತಃಪುರದಿಂದ ಹೊರಗೆ ತಂದು ತನ್ನ ಜೊತೆ ಊರೂರಿಗೆ ಕರೆದೊಯ್ದ. ರವೀಂದ್ರರು ಶಾಹಿಬಾಗಿನಲ್ಲಿದ್ದಾಗ ಅವಳು ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿನಲ್ಲಿದ್ದಳು. ಬೊಂಬಾಯಿ ಕಡೆಯ ಹೆಂಗಸರನ್ನು ನೋಡಿ ಸೀರೆಯುಡುವ ಹೊಸ ಬಗೆಯನ್ನು ಬಂಗಾಲಕ್ಕೆ ಕಲಿಸಿದವಳು ಇವಳೇ. ಇಬ್ಬರೂ ಒಂದೇ ಮನೆಯ ಸೊಸೆಯರು. ಗುಣದ ವ್ಯತ್ಯಾಸವೆಂದು ಸುಮ್ಮನೆ ಹೇಳಿಬಿಡಬೇಡಿ. ಬಾಗಿಲು ತೆರೆದಿತ್ತೇ ಇಲ್ಲವೇ ಎಂಬುದೂ ಮುಖ್ಯ.

ನಮ್ಮ ಕನ್ನಡದಲ್ಲೂ ಇಂಥ ಚಿತ್ರವಿದೆ. ಭಾರತೀಸುತರ ಕಾದಂಬರಿಯನ್ನಾಧರಿಸಿ ಪುಟ್ಟಣ್ಣ ಕಣಗಾಲರು 1973ರಲ್ಲಿ ತೆಗೆದ 'ಎಡಕಲ್ಲು ಗುಡ್ಡದ ಮೇಲೆ'. ದಾಂಪತ್ಯದ ಸುಖ ಕಾಣದ ಮಾಧವಿ ತನಗಿಂತ ಕಿರಿಯ ಯುವಕನತ್ತ ವಾಲುತ್ತಾಳೆ. ಜಯಂತಿಯವರ ಅಭಿನಯ ಮರೆಯಲಾಗದು. ಅಲ್ಲಿ ದೇಹದ ಬೇಗೆ, ಇಲ್ಲಿ ಮಾತಿನ ಹಸಿವು. ಎರಡನ್ನೂ ನೋಡಿ, ಮನೆಯಲ್ಲಿ ಚರ್ಚೆ ಮಾಡಿ.

ಇದನ್ನೆಲ್ಲ ನಿಮಗೇಕೆ ಹೇಳುತ್ತಿದ್ದೇನೆ? ನಿಮ್ಮ ಅಮ್ಮಂದಿರಲ್ಲಿ ಅನೇಕರು ಮದುವೆಯಾದ ಹೊಸತರಲ್ಲಿ ಧಾರವಾಡ, ಉಡುಪಿ, ಮೈಸೂರುಗಳಿಂದ ಈ ಊರಿಗೆ ಬಂದವರು. ಅಪ್ಪ ಬ್ಯಾಂಕಿಗೋ ಕಾರ್ಖಾನೆಗೋ ಪ್ರಯೋಗಾಲಯಕ್ಕೋ ಹೋದರೆ ಬರುವುದು ಕತ್ತಲಾದ ಮೇಲೆ. ಗುಜರಾತಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಊರಿಗೆ ಫೋನು ಮಾಡಬೇಕೆಂದರೆ ಎಸ್.ಟಿ.ಡಿ. ಬೂತಿಗೆ ಹೋಗಬೇಕಿದ್ದ ಕಾಲ. ಬಾಲ್ಕನಿಯಲ್ಲಿ ನಿಂತು ತರಕಾರಿ ಗಾಡಿಯವನನ್ನೂ ಶಾಲೆಯಿಂದ ಬರುವ ಯಾರದೋ ಮಕ್ಕಳನ್ನೂ ನೋಡುತ್ತಾ ಮಧ್ಯಾಹ್ನ ಕಳೆದವರು ಎಷ್ಟು ಮಂದಿಯೋ! ಕೈಯಲ್ಲಿ ದುರ್ಬೀನು ಇರಲಿಲ್ಲ, ಅಷ್ಟೇ. ಸಂಘದ ಅರಿಸಿನ ಕುಂಕುಮ, ಭಜನೆ, ರಾಜ್ಯೋತ್ಸವದ ನಾಟಕದ ತಾಲೀಮುಗಳನ್ನು ನೀವು ತಮಾಷೆ ಮಾಡುತ್ತೀರಿ. ಅವು ಎಷ್ಟೋ ಜನರಿಗೆ ವಾರದಲ್ಲಿ ಕನ್ನಡ ಮಾತು ಕಿವಿಗೆ ಬೀಳುತ್ತಿದ್ದ ಎರಡು ಗಂಟೆಗಳು.

ಒಂದು ಸಂಜೆ ಅಮ್ಮನನ್ನು ಕೇಳಿ ನೋಡಿ: "ಮೊದಲ ವರ್ಷ ಇಲ್ಲಿ ಹಗಲೆಲ್ಲ ಏನು ಮಾಡುತ್ತಿದ್ದೆ? ಯಾರ ಜೊತೆ ಮಾತಾಡುತ್ತಿದ್ದೆ?" ಉತ್ತರ ಕೇಳಿಸಿಕೊಳ್ಳುವಷ್ಟು ಹೊತ್ತು ಫೋನನ್ನು ಪಕ್ಕಕ್ಕಿಡಿ. ಪುಸ್ತಕ ನೋಡುತ್ತಾ ಹೆಂಡತಿಯನ್ನು ದಾಟಿ ಹೋದ ಭೂಪತಿಯೂ, ಫೋನು ನೋಡುತ್ತಾ ಅಡಿಗೆಮನೆ ದಾಟಿ ಹೋಗುವ ನಾವೂ ಬೇರೆಯೇ?

ಇನ್ನೊಂದು ಮಾತು. ಯಾರದೋ ಮನೆಯ ಇಂಥ ಸುದ್ದಿ ಎಂದಾದರೂ ನಿಮ್ಮ ಕಿವಿಗೂ ಬೀಳುತ್ತದೆ. ಎಲ್ಲರೂ ಮೊದಲು ಕೇಳುವುದು "ಯಾರವನು?" ಎಂದು. ನೀವು ಇನ್ನೊಂದು ಪ್ರಶ್ನೆ ಕೇಳಿ: "ಅವಳು ಎಷ್ಟು ದಿನದಿಂದ ಒಬ್ಬಳೇ ಇದ್ದಳು?" ಚಾರು ಮಾಡಿದ್ದು ಸರಿಯೆಂದು ನಾನು ಹೇಳುತ್ತಿಲ್ಲ, ಟಾಗೋರರೂ ಹೇಳಲಿಲ್ಲ. ತಪ್ಪನ್ನು ಅವಳೊಬ್ಬಳ ತಲೆಗೆ ಕಟ್ಟಲು ಅವರು ಒಪ್ಪಲಿಲ್ಲ. ನಾಳೆ ನೀವೂ ಬೆಂಗಳೂರಿಗೋ ಅಮೆರಿಕಕ್ಕೋ ಸಂಸಾರ ಹೂಡಿ ಹೋಗುತ್ತೀರಿ. ಜೊತೆಯಲ್ಲಿ ಕರೆದೊಯ್ಯುವವರಿಗೆ ಮನೆ, ಕಾರು, ಒಡವೆ ಎಲ್ಲ ಕೊಡಿ. ದಿನಕ್ಕೆ ಅರ್ಧ ಗಂಟೆ ಮಾತನ್ನೂ ಕೊಡಿ. ಬಾ ಎಂದು ಕರೆಯುವುದಾದರೆ ಸಮಯಕ್ಕೆ ಕರೆಯಿರಿ.

ಚಿತ್ರ ನೋಡಿದ ಮೇಲೆ ನಿಮಗೇನನ್ನಿಸಿತೆಂದು ಬರೆದು ತಿಳಿಸಿ. ತಿದ್ದಿದ ಕನ್ನಡವಾಗಬೇಕಿಲ್ಲ, ನಿಮ್ಮ ಕನ್ನಡವಾದರೆ ಸಾಕು. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.