ಅಂಕಗಳೂ ಅಳತೆಯೂ

ವಿಶ್ವವಿದ್ಯಾನಿಲಯದ ಬಾಗಿಲಿಗೆ ಬಂದು ನಿಂತ ವಿದ್ಯಾರ್ಥಿಯಲ್ಲಿ ನೋಡಬೇಕಾದುದು ಯಾವುದನ್ನು? ಅವನು ಈಗಾಗಲೇ ಕಲಿತಿರುವುದನ್ನೋ ಅಥವಾ ಮುಂದೆ ಕಲಿಯಬಲ್ಲ ಶಕ್ತಿಯನ್ನೋ? ಪ್ರತಿ ವರ್ಷವೂ ಫಲಿತಾಂಶಗಳು ಹೊರಬಿದ್ದೊಡನೆ ಮನೆಮನೆಯಲ್ಲಿ ಅಂಕಗಳ ಚರ್ಚೆ ನಡೆಯುತ್ತದೆ. ಈ ಪ್ರಶ್ನೆಯನ್ನು ಮಾತ್ರ ಕೇಳುವವರು ವಿರಳ.

ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್ ವ್ಯಾಸಂಗಕ್ಕೆ ರ್‍ಯಾಂಕ್ ನಿರ್ಧರಿಸುವಾಗ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳಿಗೆ ಅರ್ಧ ತೂಕವನ್ನೂ ಸಿಇಟಿಯ ಅಂಕಗಳಿಗೆ ಉಳಿದರ್ಧವನ್ನೂ ಕೊಡುವ ಪದ್ಧತಿಯಿದೆ. ವೈದ್ಯಕೀಯಕ್ಕೆ ನೀಟ್ ಅಂಕವೇ ರ್‍ಯಾಂಕಿನ ಆಧಾರ. ಪಿಯುಸಿ ಅಂಕಗಳು ಅರ್ಹತೆಗೆ ಮಾತ್ರ. ಬಿ.ಎಸ್‌ಸಿ. ತರಗತಿಗಳಿಗೆ ಬಹುಪಾಲು ಕಾಲೇಜುಗಳು ಪಿಯುಸಿ ಅಂಕಗಳನ್ನೇ ನೋಡುತ್ತವೆ. ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೆ 2022ರಿಂದ ಸಿಯುಇಟಿ ಎಂಬ ಸಾಮಾನ್ಯ ಪರೀಕ್ಷೆ ಬಂದಿದೆ. ಹೀಗೆ ಒಬ್ಬನೇ ವಿದ್ಯಾರ್ಥಿ ಒಂದು ಬಾಗಿಲಲ್ಲಿ ಒಂದು ಬಗೆಯಾಗಿಯೂ ಮತ್ತೊಂದರಲ್ಲಿ ಬೇರೊಂದು ಬಗೆಯಾಗಿಯೂ ಅಳೆಯಲ್ಪಡುತ್ತಾನೆ.

ಅಳತೆಯೆಂದರೇನೆಂಬುದನ್ನು ಪ್ರಯೋಗಾಲಯದ ಸರಳ ಲೋಲಕದಿಂದಲೇ ತಿಳಿಯಬಹುದು. ಒಂದು ಮೀಟರು ಉದ್ದದ ಲೋಲಕ ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡು ಬೇಕು. ಗಡಿಯಾರದ ಗುಂಡಿಯನ್ನು ಒತ್ತುವುದರಲ್ಲಿ ನಮ್ಮ ಕೈ 0.2 ಸೆಕೆಂಡು ತಪ್ಪಿದರೆ ಒಂದು ಆಂದೋಲನದ ಅಳತೆಯಲ್ಲಿ ದೋಷ ನೂರಕ್ಕೆ 10ರಷ್ಟಾಗುತ್ತದೆ. 20 ಆಂದೋಲನಗಳನ್ನು ಎಣಿಸಿದರೆ ಒಟ್ಟು ಕಾಲ 40 ಸೆಕೆಂಡು. ಅದೇ ಕೈತಪ್ಪು ಈಗ ನೂರಕ್ಕೆ ಅರ್ಧ ಮಾತ್ರ. ಒಂದು ದಿನದ ಪರೀಕ್ಷೆ ಒಂದೇ ಆಂದೋಲನವನ್ನು ಅಳೆದಂತೆ. ಆ ದಿನ ಜ್ವರ ಬಂದಿರಬಹುದು, ಬಸ್ಸು ತಡವಾಗಿರಬಹುದು. ಆದುದರಿಂದ ಶಾಲೆಯ ದೀರ್ಘಕಾಲದ ಸಾಧನೆಗೆ ಬೆಲೆಯಿಲ್ಲವೆನ್ನುವುದು ವಿವೇಕವಲ್ಲ. 2021ರಲ್ಲಿ ಕೋವಿಡ್ ಕಾರಣದಿಂದ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ ಸಿಇಟಿ ಅಂಕಗಳಿಂದಲೇ ರ್‍ಯಾಂಕ್ ನಿರ್ಧರಿಸಬೇಕಾಯಿತು. ಅದು ಆಪತ್ಕಾಲದ ಏರ್ಪಾಡು. ಅದನ್ನೇ ಆದರ್ಶವೆಂದು ಹಿಡಿಯಲಾಗದು.

ಆದರೆ ಗಡಿಯಾರವೇ ವೇಗವಾಗಿ ಓಡುತ್ತಿದ್ದರೆ ನೂರು ಆಂದೋಲನಗಳನ್ನು ಎಣಿಸಿದರೂ ಆ ದೋಷ ತೊಲಗದು. ರಾಜ್ಯದ ಪರೀಕ್ಷೆ, ಸಿಬಿಎಸ್‌ಇ, ಐಎಸ್‌ಸಿ ಇವುಗಳ ಪ್ರಶ್ನೆಗಳೂ ಮೌಲ್ಯಮಾಪನವೂ ಬೇರೆಬೇರೆ. ಬೇರೆಬೇರೆ ಗಡಿಯಾರಗಳನ್ನು ಹೋಲಿಸಲು ಎಲ್ಲಕ್ಕೂ ಸಮಾನವಾದ ಒಂದು ಮಾನ ಬೇಕು. ಸಾಮಾನ್ಯ ಪ್ರವೇಶ ಪರೀಕ್ಷೆಗೆ ಇರುವ ಸಮರ್ಥನೆ ಇದೇ. ಎರಡನ್ನೂ ಸೇರಿಸುವ ನಮ್ಮ ಎಂಜಿನಿಯರಿಂಗ್ ಪದ್ಧತಿ ಈ ದೃಷ್ಟಿಯಿಂದ ಹೆಚ್ಚು ನ್ಯಾಯವಾದುದೆಂದು ನಮ್ಮ ಅಭಿಪ್ರಾಯ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೂ 80 ನಿಮಿಷಗಳಲ್ಲಿ 60 ಪ್ರಶ್ನೆಗಳು. ಎಂದರೆ ಒಂದಕ್ಕೆ 80 ಸೆಕೆಂಡು. ಚುರುಕುಬುದ್ಧಿಯನ್ನು ಇದು ಅಳೆಯುತ್ತದೆ, ನಿಜ. ಆದರೆ ಉತ್ತರ ಏಕೆ ಹಾಗೆಂದು ನಾಲ್ಕು ಸಾಲು ಬರೆಯುವ, ಉಪಕರಣದ ಶೂನ್ಯದೋಷವನ್ನು ಕಂಡುಹಿಡಿಯುವ, ಒಂದು ಸಂದೇಹವನ್ನು ವಾರಗಟ್ಟಲೆ ಬೆನ್ನಟ್ಟುವ ಗುಣಗಳು ಇದರ ಅಳತೆಗೆ ಸಿಕ್ಕವು. ಪಿಯುಸಿ ಭೌತಶಾಸ್ತ್ರದಲ್ಲಿ 100ಕ್ಕೆ 30 ಅಂಕಗಳು ಪ್ರಯೋಗಕ್ಕೆ ಮೀಸಲಾಗಿದ್ದರೂ, ಪ್ರವೇಶ ಪರೀಕ್ಷೆಯ ತರಬೇತಿಯ ಗಡಿಬಿಡಿಯಲ್ಲಿ ಪ್ರಯೋಗಾಲಯವು ಮೂಲೆಗೆ ಸರಿದಿರುವುದುಂಟು. ಗುರುತ್ವ ವೇಗೋತ್ಕರ್ಷದ ಮೌಲ್ಯ 9.8 ಎಂದು ಮೊದಲೇ ಬಲ್ಲ ವಿದ್ಯಾರ್ಥಿ, ಅದೇ ಬರುವಂತೆ ಓದಿಕೆಗಳನ್ನು ಹಿಂದಿನಿಂದ ಲೆಕ್ಕಹಾಕಿ ಬರೆದುಬಿಡುತ್ತಾನೆ. ಇಂಥವನಿಗೆ ಅಂಕ ದೊರೆಯಬಹುದು, ವಿಜ್ಞಾನ ದೊರೆಯದು. ಪದವಿ ತರಗತಿಗೆ ಬಂದ ಮೇಲೆ, ಉತ್ತರ ಮೊದಲೇ ತಿಳಿಯದ ಪ್ರಶ್ನೆ ಎದುರಾದಾಗ ಅವನು ದಿಕ್ಕುಗಾಣನು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 1999ರಲ್ಲಿ ಆರಂಭವಾಯಿತು. ಅದರಲ್ಲಿ ಲಿಖಿತ ಪರೀಕ್ಷೆಯ ಬಳಿಕ ಸಂದರ್ಶನವೂ ಇದ್ದ ಕಾಲವಿತ್ತು. ವಿದ್ಯಾರ್ಥಿ ಹೇಗೆ ಯೋಚಿಸುವನೆಂಬುದನ್ನು ಪರೀಕ್ಷಕರು ಎದುರೆದುರೇ ನೋಡಬಹುದಾಗಿತ್ತು. 2022ರಲ್ಲಿ ಆ ಯೋಜನೆ ನಿಂತು ಇನ್‌ಸ್ಪೈರ್ ಯೋಜನೆಯಲ್ಲಿ ಸೇರಿಹೋಯಿತು. ಲಕ್ಷಾಂತರ ಮಂದಿಯನ್ನು ಹೀಗೆ ಸಂದರ್ಶಿಸುವುದು ಅಸಾಧ್ಯವೆಂಬುದನ್ನು ನಾವು ಬಲ್ಲೆವು. ಆದರೆ ಪ್ರತಿ ಪ್ರವೇಶ ಪರೀಕ್ಷೆಯಲ್ಲಿಯೂ ವಿವರಣೆ ಬರೆಯಬೇಕಾದ ಒಂದೆರಡು ಪ್ರಶ್ನೆಗಳಿಗಾದರೂ, ಪಿಯುಸಿಯಲ್ಲಿ ಪ್ರಾಮಾಣಿಕವಾದ ಪ್ರಯೋಗ ಪರೀಕ್ಷೆಗಾದರೂ ಸ್ಥಳವಿರಬೇಡವೇ? ಮೌಲ್ಯಮಾಪನದ ಶ್ರಮ ಹೆಚ್ಚುವುದು ನಿಜ. ಅದನ್ನು ಹೊರಬೇಕಾದವರು ಅಧ್ಯಾಪಕರಾದ ನಾವೇ.

ವಿದ್ಯಾರ್ಥಿಮಿತ್ರರಿಗೆ ನಮ್ಮ ಮಾತು ಇಷ್ಟು: ಪದ್ಧತಿ ಬದಲಾಗುವವರೆಗೆ ಅಂಕಗಳಿಗಾಗಿ ಓದುವುದು ಅನಿವಾರ್ಯ, ಓದಿರಿ. ಆದರೆ ಒಂದೆರಡು ಅಂಕಗಳ ಅಂತರ ಅಳತೆಯ ದೋಷದ ಮಿತಿಯೊಳಗೇ ಇರಬಹುದೆಂಬುದನ್ನು ಮರೆಯದಿರಿ. ಅದರಿಂದ ನಿಮ್ಮ ಯೋಗ್ಯತೆ ನಿರ್ಧಾರವಾಗದು. ಪ್ರಯೋಗದಲ್ಲಿ 9.5 ಬಂದರೆ 9.5 ಎಂದೇ ಬರೆಯಿರಿ; ಏಕೆ ಹಾಗೆ ಬಂತೆಂದು ಹುಡುಕಿರಿ. ವಿಶ್ವವಿದ್ಯಾನಿಲಯ ಇಂದು ಅದನ್ನು ಕೇಳದಿದ್ದರೂ, ವಿಜ್ಞಾನವು ಎಂದಾದರೊಂದು ದಿನ ಕೇಳಿಯೇ ತೀರುತ್ತದೆ.